12 ಗಂಟೆ ಡ್ಯೂಟಿ: ಮಾಡಿದವರು ಸ್ವಲ್ಪ ಹೇಳಿ

ಪ್ರಶ್ನೆ: ನರ್ಸಿಂಗ್ ಡಿಪ್ಲೊಮಾ (ಜಿಎನ್‌ಎಂ) ಮುಗಿಸಿದ್ದೇನೆ. ಮುಂದಿನ ತಿಂಗಳು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುಗೆ ಸೇರಬೇಕು. ಬೆಳಿಗ್ಗೆ 8ರಿಂದ ರಾತ್ರಿ 8, ಇಲ್ಲವೇ ರಾತ್ರಿ 8ರಿಂದ ಬೆಳಿಗ್ಗೆ 8. ಕಾಲೇಜಿನ ಪೋಸ್ಟಿಂಗ್‌ನಲ್ಲಿ ಆರೇಳು ಗಂಟೆಗಿಂತ ಜಾಸ್ತಿ ನಿಂತವಳಲ್ಲ. ಅಮ್ಮನಿಗೆ ಭಯ, ನನಗೂ ಸ್ವಲ್ಪ. ನಿಜವಾಗಿ ಹೇಗಿರುತ್ತದೆ ಅಕ್ಕಂದಿರೇ?

ಐಸಿಯು ಸಿಸ್ಟರ್, ಬೆಂಗಳೂರು:
12 ಗಂಟೆ ಅನ್ನುವುದು ಕಾಗದದ ಮೇಲಷ್ಟೇ. 8ಕ್ಕೆ ಡ್ಯೂಟಿ ಅಂದರೆ ಏಳೂಮುಕ್ಕಾಲಿಗೇ ಅಲ್ಲಿರಬೇಕು. ಮುಗಿದ ಮೇಲೆ ಹ್ಯಾಂಡೋವರ್, ಅಂದರೆ ಮುಂದಿನ ಸಿಸ್ಟರ್‌ಗೆ ರೋಗಿಗಳ ವಿವರ ಒಪ್ಪಿಸುವುದು. ಅಷ್ಟರಲ್ಲಿ ಹೊಸ ಅಡ್ಮಿಷನ್ ಬಂದರೆ ಒಂಬತ್ತಾಯಿತು ಅಂತಲೇ ಲೆಕ್ಕ. ಅದಕ್ಕೇ ಪಿಜಿಯನ್ನು ಆಸ್ಪತ್ರೆ ಪಕ್ಕದಲ್ಲೇ ಹಿಡಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಸರಿ.

ಕಾಲು ನೋವಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಬರುಬರುತ್ತಾ ಒಗ್ಗಿಹೋಗುತ್ತದೆ. ಒಗ್ಗದೇ ಇರುವುದು ಬೆಳಗಿನ ಜಾವ ಮೂರರಿಂದ ಐದರ ಹೊತ್ತು. ಆಗ ಮೈ ಬಿಸಿಯೇ ಇಳಿದಿರುತ್ತದೆ, ಮೇಲಿಂದ ಎಸಿ. ಕಣ್ಣೇನೋ ಬಿಟ್ಟಿರುತ್ತೇವೆ, ತಲೆ ಓಡುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಬಿಪಿ ಹಿಡಿದಿಡುವ ನಾರ್‌ಅಡ್ರಿನಲಿನ್ ಮುಗಿಯುತ್ತಾ ಬಂತು ಅಂತ, ಸಿರಿಂಜ್‌ನಿಂದ ಔಷಧಿ ಹರಿಸುವ ಪಂಪ್ ಕೂಗುತ್ತದೆ. ಆ ಔಷಧಿ ನಿಂತರೆ ಕೆಲವೇ ನಿಮಿಷದಲ್ಲಿ ಬಿಪಿ ಬೀಳುತ್ತದೆ. ಹುಡುಕಾಡಿಕೊಂಡು ಲೋಡ್ ಮಾಡುವಷ್ಟು ಪುರುಸೊತ್ತು ಇರುವುದಿಲ್ಲ. ನಾನು ಎರಡು ಗಂಟೆಗೇ ಎಲ್ಲ ಪಂಪ್ ನೋಡಿ, ಯಾವುದು ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಚೀಟಿಯಲ್ಲಿ ಬರೆದಿಡುತ್ತೇನೆ. 30 ಎಂಎಲ್ ಉಳಿದಿದೆ, ಗಂಟೆಗೆ 6 ಹೋಗುತ್ತಿದೆ, ಅಂದರೆ ಐದು ಗಂಟೆ. ಇಷ್ಟು ಸುಲಭದ ಲೆಕ್ಕವೂ ಬೆಳಗಿನ ಜಾವ ನಾಲ್ಕಕ್ಕೆ ತಪ್ಪುತ್ತದೆ! ಮುಗಿಯುವ ಅರ್ಧ ಗಂಟೆ ಮುಂಚೆ ಹೊಸ ಸಿರಿಂಜ್, ಲೇಬಲ್ ಸಮೇತ, ಕೈಗೆ ಸಿಗುವ ಹಾಗೆ ಇರಬೇಕು. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಪೊಟ್ಯಾಸಿಯಂ, ಇವುಗಳ ಡೋಸ್ ತಪ್ಪಿದರೆ ಜೀವಕ್ಕೇ ಅಪಾಯ, ಇವನ್ನು ಮಾತ್ರ ಪಕ್ಕದ ಬೆಡ್ ಸಿಸ್ಟರ್‌ಗೆ ತೋರಿಸದೆ ಕೊಡಲೇಬೇಡ. ಸೀನಿಯರ್ ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ.

ತಾಲ್ಲೂಕು ಆಸ್ಪತ್ರೆ, ಉತ್ತರ ಕರ್ನಾಟಕ:
ನಮ್ಮಲ್ಲಿ ಹಗಲು ಆರಾರು ತಾಸು, 8ರಿಂದ 2, 2ರಿಂದ 8. ರಾತ್ರಿ ಮಾತ್ರ ಪೂರ್ತಿ 12. ಕೇಳಲಿಕ್ಕೆ ಆರಾಮ ಅನಿಸುತ್ತದೆ, ಅಲ್ವಾ? ಆದರೆ ರಾತ್ರಿ ಒಬ್ಬಳೇ. ನಡುವೆ ಹೆರಿಗೆ ಕೇಸ್ ಬಂದರೆ ರೊಟ್ಟಿ ಡಬ್ಬಿ ಹಾಗೇ ಮನೆಗೆ ವಾಪಸ್. ಬಾತ್‌ರೂಮಿಗೆ ಹೋಗಲು ಟೈಮಿಲ್ಲ ಅಂತ ನೀರು ಕುಡಿಯುವುದನ್ನೇ ಬಿಡುವವರು ಬಹಳ ಜನ. ಹಾಗೆ ಮಾಡಬೇಡ ತಂಗಿ, ಉರಿಮೂತ್ರ ಹತ್ತಿಕೊಂಡರೆ ಡ್ಯೂಟಿಯಲ್ಲಿ ನಿಲ್ಲಲಿಕ್ಕೇ ಆಗುವುದಿಲ್ಲ.

ಉಡುಪಿಯವಳು, ಈಗ ಇಂಗ್ಲೆಂಡಿನಲ್ಲಿ:
12 ಗಂಟೆಗೆ ಹೆದರಬೇಡ, ವಾರದ ಲೆಕ್ಕ ನೋಡು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲೂ ಲಾಂಗ್ ಡೇ ಅಂದರೆ ಹನ್ನೆರಡು, ಹನ್ನೆರಡೂವರೆ ಗಂಟೆ. ಆದರೆ ಪೂರ್ತಿ ಕೆಲಸ ಅಂದರೆ ವಾರಕ್ಕೆ 37.5 ಗಂಟೆ. ಮೂರು ದಿನ ದುಡಿದರೆ ಹೆಚ್ಚೂಕಡಿಮೆ ನಾಲ್ಕು ದಿನ ಮನೆ. ಊರಲ್ಲಿ ನಾನಿದ್ದ ಆಸ್ಪತ್ರೆಯಲ್ಲಿ ಅದೇ 12 ಗಂಟೆಯನ್ನು ಆರು ದಿನ ಮಾಡಿಸುತ್ತಿದ್ದರು. 72 ಗಂಟೆ! ನೈಟ್ ಮುಗಿಸಿ ಬೆಳಿಗ್ಗೆ ಬಂದು ಸಂಜೆವರೆಗೆ ಮಲಗಿದ್ದನ್ನೇ ಆಫ್ ಅಂತ ಬರೆಯುತ್ತಿದ್ದರು. ಸೇರುವ ಮುಂಚೆ ಇದೊಂದನ್ನು ಬಾಯಿಬಿಟ್ಟು ಕೇಳು: ನೈಟ್ ಮುಗಿದ ದಿನ ಬಿಟ್ಟು ಆಫ್ ಎಷ್ಟು? ಸತತವಾಗಿ ಎಷ್ಟು ನೈಟ್? ಇಷ್ಟು ದಿನ ಕೆಲಸ ಬಿಡುವಂತಿಲ್ಲ ಅಂತ ಬಾಂಡ್ ಕೇಳಿದರೆ ಓದಿ ಸಹಿ ಮಾಡು. ಒರಿಜಿನಲ್ ಸರ್ಟಿಫಿಕೇಟ್ ಮಾತ್ರ ಯಾರ ಕೈಗೂ ಕೊಡಬೇಡ.

ಎರಡು ಮಕ್ಕಳ ತಾಯಿ, ಮೈಸೂರು:
ನೈಟ್ ಮುಗಿಸಿ ಸ್ಕೂಟಿ ಓಡಿಸಬೇಡಮ್ಮಾ. ಸಿಗ್ನಲ್‌ನಲ್ಲಿ ನಿಂತಲ್ಲೇ ಕಣ್ಣು ಮುಚ್ಚುತ್ತದೆ. ಬಸ್ಸೋ ಆಟೋವೋ ಹಿಡಿ. ಕಾಫಿ ಏನಿದ್ದರೂ ರಾತ್ರಿ ಎರಡರೊಳಗೆ. ಬಂದು ಎರಡು ಇಡ್ಲಿ ತಿಂದು, ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ ಮಲಗು. ಬೆಳಿಗ್ಗೆ 11ಕ್ಕೆ ಫೋನ್ ಮಾಡಬೇಡ ಅಂತ ಅಮ್ಮನಿಗೆ ಈಗಲೇ ಹೇಳಿಡು. ನಮ್ಮತ್ತೆಗೆ ಇದು ಇನ್ನೂ ಅರ್ಥವಾಗಿಲ್ಲ, 'ಹಗಲೆಲ್ಲ ನಿದ್ದೆ ಮಾಡುತ್ತಾಳೆ' ಅಂತ ನೆಂಟರ ಮುಂದೆ ಹೇಳುತ್ತಲೇ ಇರುತ್ತಾರೆ.