ಕೋಲಾರದಲ್ಲಿ ನೀರಿನ ಆವಿಯ ಒತ್ತಡ: 60 ಡಿಗ್ರಿಗೆ 163 ಬರುತ್ತಿದೆ, ಎಲ್ಲಿ ತಪ್ಪು?

ಪ್ರಶ್ನೆ
ಪಿಯು ಮಕ್ಕಳಿಗೆ ಮಾಡಿಸುವ ಪ್ರಯೋಗ ಇದು. ಒಂದು ಲೀಟರ್ ಉದ್ದ ಬೀಕರಿನ ತುಂಬ ನೀರು, ಅದರಲ್ಲಿ 10 ಮಿ.ಲೀ. ಅಳತೆ ಜಾಡಿ ಬೋರಲು, ಒಳಗೆ ಸ್ವಲ್ಪ ಗಾಳಿ. ಕಾಯಿಸಿ, ಆರುವಾಗ ಐದೈದು ಡಿಗ್ರಿಗೊಮ್ಮೆ ಗಾತ್ರ ಬರೆದುಕೊಂಡು, ಕೊನೆಗೆ ಐಸ್ ಹಾಕಿ 5 ಡಿಗ್ರಿಗೆ ಇಳಿಸುತ್ತೇವೆ. ಜಾಡಿ ತಲೆಕೆಳಗಿರುವುದರಿಂದ ಪ್ರತಿ ಅಳತೆಯಲ್ಲೂ 0.2 ಕಳೆದ ಮೇಲೆ 5 ಡಿಗ್ರಿಗೆ 4.0, 60ಕ್ಕೆ 6.05 ಮಿ.ಲೀ. ವಾಯುಭಾರ 760 ಹಿಡಿದು ಲೆಕ್ಕ ಹಾಕಿದರೆ 60 ಡಿಗ್ರಿಗೆ ಆವಿಯ ಒತ್ತಡ 163 ಮಿ.ಮೀ. ಪಾದರಸ ಬರುತ್ತದೆ, ಕೋಷ್ಟಕದಲ್ಲಿ 149 ಇದೆ. ಇನ್ನೊಂದು ತೊಂದರೆ: 80 ಡಿಗ್ರಿ ತಲುಪುವ ಮೊದಲೇ ನೀರು 10ರ ಗೆರೆ ದಾಟಿಬಿಡುತ್ತದೆ.

ಉತ್ತರ 1
ವಾಯುಭಾರ 760 ಅಂತ ಹಾಕಿದ್ದೀರಿ ಸರ್. ಅದು ಸಮುದ್ರ ಮಟ್ಟದ್ದು. ಕೋಲಾರ 800 ಮೀಟರಿಗೂ ಮೇಲಿದೆ, ಇಲ್ಲಿ 690ರ ಆಸುಪಾಸು. 5 ಡಿಗ್ರಿಯಲ್ಲಿ ಆವಿಯದೇ 6.5 ಇರುತ್ತದೆ, ಅದನ್ನು ಕಳೆದರೆ ಗಾಳಿಯ ಪಾಲು 683.5. 60ಕ್ಕೆ ಬಂದಾಗ: 683.5 × (4.0/6.05) × (333/278) = 541 (333, 278 ಅಂದರೆ 60 ಮತ್ತು 5 ಡಿಗ್ರಿಗೆ 273 ಕೂಡಿಸಿದ ಕೆಲ್ವಿನ್ ಅಂಕಿ). 690ರಲ್ಲಿ 541 ಹೋದರೆ 149.

80ರ ತೊಂದರೆಗೂ ಇದೇ ಕಾರಣ. ಹೊರಗಿನ ಒತ್ತಡ ಕಡಿಮೆಯಾದಷ್ಟೂ ಆವಿ ಹೆಚ್ಚು ಜಾಗ ಹಿಡಿಯುತ್ತದೆ. 4 ಮಿ.ಲೀ. ಗಾಳಿ ಸಮುದ್ರ ಮಟ್ಟದಲ್ಲಿ 80 ಡಿಗ್ರಿಗೆ ಸುಮಾರು 9.5 ಆಗುತ್ತದೆ, ನಮ್ಮಲ್ಲಿ 10.4. 75ಕ್ಕೇ ನಿಲ್ಲಿಸಿ, ಇಲ್ಲವೇ 3.5ರಿಂದ ಶುರು ಮಾಡಿ. ಗಾಳಿ ಗುಳ್ಳೆಯಾಗಿ ಹೊರಬಿದ್ದರೆ ಆ ಸಲದ ಅಳತೆಯೆಲ್ಲ ದಂಡ.

ಉತ್ತರ 2
690 ಎಂದು ಕಣ್ಣುಮುಚ್ಚಿ ಹಾಕಬೇಡಿ. ಹಾಗಂತ ಫೋನಿನ ಹವಾಮಾನ ಆ್ಯಪ್ ನೋಡಲೂ ಬೇಡಿ, ಅದು ಸಾಮಾನ್ಯವಾಗಿ ಸಮುದ್ರ ಮಟ್ಟಕ್ಕೆ ಹೊಂದಿಸಿದ ಅಂಕಿ ಕೊಡುತ್ತದೆ. ಮತ್ತೆ 760ಕ್ಕೇ ಹೋಗಿ ನಿಲ್ಲುತ್ತೀರಿ. ನೀರು ಕುದಿಸಿ, ಥರ್ಮಾಮೀಟರಿನ ಬುರುಡೆ ನೀರಿಗೆ ತಾಗದಂತೆ ಹಬೆಯಲ್ಲಿ ಹಿಡಿಯಿರಿ. 97.3 ತೋರಿಸಿದರೆ ವಾಯುಭಾರ 690. ಅರ್ಧ ಡಿಗ್ರಿ ತಪ್ಪಿದರೆ ವಾಯುಭಾರ 13 ಮಿ.ಮೀ. ತಪ್ಪುತ್ತದೆ, ಆದರೆ 60 ಡಿಗ್ರಿಯ ಉತ್ತರ ಮೂರು ಮಿ.ಮೀ. ಕೂಡ ಕದಲದು. ಗಾತ್ರ ಓದುವಾಗ 0.05 ತಪ್ಪಿದರೆ ಅದಕ್ಕಿಂತ ಹೆಚ್ಚು ಹಾಳು.

ಉತ್ತರ 3
ನೀರನ್ನು ಮೊದಲೇ ಕುದಿಸಿ ಆರಿಸಿಟ್ಟುಕೊಳ್ಳಿ. ಬೋರ್‌ವೆಲ್ ನೀರಿನ ಗಡಸುತನ ಇಲ್ಲಿ ಲೆಕ್ಕಕ್ಕಿಲ್ಲ, ಕರಗಿರುವ ಗಾಳಿಯೇ ಕಾಟ: ಕಾಯಿಸಿದಾಗ ಬಿಟ್ಟುಕೊಂಡು ಜಾಡಿಗೆ ಸೇರುತ್ತದೆ. ಓದುವ ಮುನ್ನ ಪ್ರತಿ ಸಲ ಕದಡಿ, ಮೇಲೆ ಬಿಸಿ ಕೆಳಗೆ ತಣ್ಣಗಿದ್ದರೆ ಥರ್ಮಾಮೀಟರ್ ಒಂದು ಹೇಳುತ್ತದೆ, ಜಾಡಿ ಇನ್ನೊಂದು.

ಹಿಂದಿನ ಬೆಂಚಿಗೆ ಜಾಡಿಯ ಗೆರೆ ಹೇಗೂ ಕಾಣುವುದಿಲ್ಲ. ಅವರಿಗೆ 20 ಮಿ.ಲೀ. ಸಿರಿಂಜ್ ಕೊಡಿ: ಕುದಿಸಿ 60 ಡಿಗ್ರಿಗೆ ಆರಿಸಿದ ನೀರು 5 ಮಿ.ಲೀ., ಗಾಳಿ ಪೂರ್ತಿ ತಳ್ಳಿ, ತುದಿಗೆ ಮುಚ್ಚಳ ಹಾಕಿ ಎಳೆದರೆ ಕೈಯಲ್ಲೇ ಕುದಿಯುತ್ತದೆ. ಎರಡು ಕಿಲೋ ಎತ್ತುವಷ್ಟು ಬಲ ಬೇಕು. ಬಿಟ್ಟಾಗ ಗುಳ್ಳೆ ಪೂರಾ ಮಾಯವಾದರೆ ಅದು ಆವಿ, ಚೂರು ಉಳಿದರೆ ಗಾಳಿ.