ಒಂಬತ್ತನೇ ಕ್ಲಾಸಿನ ಕೊನೇ ಬೆಂಚು: ಏನು ಮಾಡಲಿ?

ಪ್ರಶ್ನೆ: ಹೈಸ್ಕೂಲಲ್ಲಿ ಗಣಿತ ಹೇಳಿಕೊಡುತ್ತೇನೆ. 52 ಮಕ್ಕಳು, ಊಟ ಆದ ಮೇಲಿನ ಪೀರಿಯಡ್. ಬೋರ್ಡಿಗೆ ತಿರುಗಿದರೆ ಸಾಕು, ಹಿಂದಿನಿಂದ ಕೋಳಿ ಕೂಗುತ್ತದೆ! ನಿನ್ನೆ ಸೀಮೆಸುಣ್ಣದ ತುಂಡು ಬೆನ್ನಿಗೇ ಬಿತ್ತು. ತಿರುಗಿ ನೋಡಿದರೆ ಎಲ್ಲರೂ ಸಾಧು ಹಸುಗಳು. ಒಬ್ಬನನ್ನು ಹೊರಗೆ ನಿಲ್ಲಿಸಿದೆ, ಅವನಿಗೆ ಅದೇ ಖುಷಿ. ಕೋಲಂತೂ ಹಿಡಿಯಲ್ಲ. ಮತ್ತೇನು ದಾರಿ?

ಉತ್ತರ 1: ನಮ್ಮ ಕಾಲದಲ್ಲಿ ಹುಣಸೆ ಬರಲು ಇತ್ತು. ಎಲ್ಲ ಸರಿ ಇತ್ತು.

ಉತ್ತರ 2: ಸರಿ ಇತ್ತಾ? ಆ ಬರಲಿಗೆ ಹೆದರಿ ನಾನು ವಾರಗಟ್ಟಲೆ ಕೆರೆ ಏರಿ ಮೇಲೆ ಕೂತಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 17ನೇ ಕಲಂ ಹೊಡೆತ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಅದು 14 ವರ್ಷದವರೆಗಿನ ಮಕ್ಕಳಿಗೆ, ನಿಜ. ಆಮೇಲೂ ಬಾಲನ್ಯಾಯ ಕಾಯ್ದೆ ಇದೆಯಲ್ವಾ?

ಉತ್ತರ 3: ನಾನೂ ಮೇಷ್ಟ್ರೇ. ಕೋಳಿ ಕೂಗುವವನಿಗೆ ಕೆಲಸ ಕೊಡಿ. ನಾನೊಬ್ಬನಿಗೆ ಗಂಟೆ ಹೊಡೆಯೋಕೆ ಹೇಳಿದೆ. ದಿನಾ ಎರಡು ನಿಮಿಷ ಮುಂಚೆಯೇ ಹೊಡೆಯುತ್ತಿದ್ದ, ಅದು ಬೇರೆ ಮಾತು. ಗಲಾಟೆ ಮಾತ್ರ ನಿಂತಿತು. ಆಂತರಿಕ ಅಂಕ ತೋರಿಸಿ ಹೆದರಿಸಬೇಡಿ, ಒಂದೇ ಸಲ ಕೆಲಸ ಮಾಡುತ್ತದೆ.

ಪ್ರಶ್ನೆ ಕೇಳಿದವರು: ಹೊರಗೆ ನಿಲ್ಲಿಸಿದ್ದೆನಲ್ಲ, ಆ ಹುಡುಗನ ಮನೆಗೆ ಹೋಗಿಬಂದೆ. ಬೆಳಗ್ಗೆ 4ಕ್ಕೆ ಎದ್ದು ಮನೆಮನೆಗೆ ಹಾಲು ಹಾಕುತ್ತಾನಂತೆ. ಮಧ್ಯಾಹ್ನ ಆ ಸುಣ್ಣದ ತುಂಡು ಎಸೆಯೋಕೆ ಶಕ್ತಿ ಎಲ್ಲಿಂದ ಬಂತೋ! ಗಣಿತವನ್ನು ಬೆಳಗಿನ ಪೀರಿಯಡ್‌ಗೆ ಹಾಕಿಕೊಡಿ ಅಂತ ಹೆಡ್‌ಮಾಸ್ಟರನ್ನು ಕೇಳಿದ್ದೇನೆ.