ಸ್ಟಾರ್ಟ್ ಮಾಡಿದ ಕೂಡಲೇ ಕಟಕಟ: ಟೆನ್ಷನರ್ ಹೋಗಿದೆಯಾ, ಟ್ಯಾಪೆಟ್ಟಾ?

ಪ್ರಶ್ನೆ (ಸಿಂಧನೂರು): ಅಣ್ಣ, ನಮಸ್ಕಾರ. ನನ್ನದು ಹಳೇ 150 ಸಿಸಿ ಗಾಡಿ, ಕಾರ್ಬೊರೇಟರ್‌ದು. ದಿನಾ ಮಾನ್ವಿ ಕಡೆ ಓಡಾಟ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್‌ನಲ್ಲಿ ಕಟಕಟ ಅನ್ನುತ್ತದೆ. ಬಿಸಿಯಾದ ಮೇಲೆ ಕಡಿಮೆ ಆಗುತ್ತದೆ. ಆದರೆ ಎಕ್ಸಿಲೇಟರ್ ಬಿಟ್ಟಾಗ ಮತ್ತೆ ಬರುತ್ತದೆ. ಒಬ್ಬರು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಟೈಟ್ ಮಾಡಿಸು ಅಂದರು, ಇನ್ನೊಬ್ಬರು ಇಂಜಿನ್ನೇ ಇಳಿಸಬೇಕು ಅಂದರು. ಏನು ಮಾಡಲಿ?

ಉತ್ತರ (ಮೆಕ್ಯಾನಿಕ್, ರಾಯಚೂರು): ಸದ್ಯಕ್ಕೆ ಎರಡೂ ಬೇಡ ತಮ್ಮ. ಮೊದಲು ಆಯಿಲ್ ಮಟ್ಟ ನೋಡು. ಅದು ಸರಿ ಇದ್ದರೆ ನನ್ನ ಅನುಮಾನ ಟೈಮಿಂಗ್ ಚೈನ್ ಟೆನ್ಷನರ್ ಮೇಲೆ, ಅಂದರೆ ಇಂಜಿನ್ ಒಳಗಿನ ಚೈನನ್ನು ಬಿಗಿಯಾಗಿಡುವ ಭಾಗದ ಮೇಲೆ.

ಪಿಸ್ಟನ್ನಿನಿಂದ ತಿರುಗುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ, ವಾಲ್ವ್ ತೆರೆಯುವ ಕ್ಯಾಮ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಒಳಗಿನ ಸಣ್ಣ ಚೈನ್. ಓಡಿ ಓಡಿ ಅದರ ಪಿನ್ನುಗಳು ಸವೆದು ಚೈನ್ ಉದ್ದ ಆಗುತ್ತದೆ. ಕ್ರ್ಯಾಂಕ್ ಎಳೆಯುವ ಬದಿ ಹೇಗೂ ಬಿಗಿಯಾಗೇ ಇರುತ್ತದೆ. ಸಡಿಲ ಬೀಳುವುದು ಇನ್ನೊಂದು ಬದಿ. ಅಲ್ಲಿ ಉದ್ದನೆಯ ಒಂದು ಪಟ್ಟಿ ಇರುತ್ತದೆ. ಅದರ ಬೆನ್ನಿಗೆ ಒತ್ತಿಕೊಂಡು ನಿಲ್ಲುವುದೇ ಟೆನ್ಷನರ್‌ನ ಕಡ್ಡಿ.

ಆ ಕಡ್ಡಿಯ ಹಿಂದೆ ಸ್ಪ್ರಿಂಗ್ ಇದೆ, ಮೈಮೇಲೆ ಗರಗಸದಂಥ ಹಲ್ಲುಗಳಿವೆ. ಚೈನ್ ಸಡಿಲಾದಷ್ಟೂ ಸ್ಪ್ರಿಂಗ್ ಅದನ್ನು ಮುಂದೆ ತಳ್ಳುತ್ತದೆ, ಸಣ್ಣ ಕೊಕ್ಕೆಯೊಂದು ಹಿಂದೆ ಬರದಂತೆ ಹಿಡಿಯುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಸುರುಳಿ ಸ್ಪ್ರಿಂಗ್ ಒಂದು ಸ್ಕ್ರೂವನ್ನು ತಿರುಗಿಸಿ ಕಡ್ಡಿಯನ್ನು ಮುಂದೆ ಬಿಡುತ್ತದೆ. ಹಲ್ಲು ಸವೆದರೆ, ಸ್ಪ್ರಿಂಗ್ ಸೋತರೆ, ಅಥವಾ ಕಡ್ಡಿ ಕೊಳೆ ಕಟ್ಟಿ ಸಿಕ್ಕಿಕೊಂಡರೆ ಚೈನ್ ಪಕ್ಕದ ಗೋಡೆಗೆ, ಪಟ್ಟಿಗೆ ಬಡಿಯುತ್ತದೆ. ನಿನಗೆ ಕೇಳುವ ಕಟಕಟ ಅದೇ ಇರಬೇಕು.

ಬಿಸಿಯಾದ ಮೇಲೆ ಯಾಕೆ ಕಡಿಮೆ ಆಗುತ್ತದೆ? ಬೋರು (ಪಿಸ್ಟನ್ ಓಡುವ ಸಿಲಿಂಡರ್), ಅದರ ಮೇಲಿನ ಹೆಡ್ಡು ಅಲ್ಯೂಮಿನಿಯಂ, ಚೈನ್ ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ, ಕ್ರ್ಯಾಂಕಿಗೂ ಕ್ಯಾಮಿಗೂ ನಡುವಿನ ಅಂತರ ತುಸು ಹೆಚ್ಚಿ ಚೈನ್ ಬಿಗಿಯಾಗುತ್ತದೆ. ಎಕ್ಸಿಲೇಟರ್ ಬಿಟ್ಟಾಗ ಎಳೆತ ತಪ್ಪುತ್ತದೆ, ಸಡಿಲ ಮತ್ತೆ ಕುಣಿಯುತ್ತದೆ.

ಟ್ಯಾಪೆಟ್ ಶಬ್ದ ಬೇರೆ. ಟಿಕ್ ಟಿಕ್ ಅಂತ ಒಂದೇ ತಾಳ, ರೇಸ್ ಕೊಟ್ಟಂತೆ ತಾಳವೂ ಜೋರಾಗುತ್ತದೆ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಹೆಡ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ ಕೇಳು. ಆಮೇಲೆ ಬೋರ್ ಪಕ್ಕ, ಚೈನ್ ಓಡುವ ಬದಿಗೆ ಇಟ್ಟು ಕೇಳು. ಯಾವುದು ಅಂತ ನಿನಗೇ ಗೊತ್ತಾಗುತ್ತದೆ. ಇಂಜಿನ್ ಓಡುತ್ತಿರುತ್ತದೆ, ಅಂಗಿ ತೋಳು ಹುಷಾರು.

ಶಬ್ದ ನಿಲ್ಲಲಿ ಅಂತ ಟ್ಯಾಪೆಟ್ ಬಿಗಿ ಮಾಡಿಸಲೇಬೇಡ. ಟ್ಯಾಪೆಟ್‌ಗೂ ವಾಲ್ವ್‌ಗೂ ನಡುವೆ ಗ್ಯಾಪ್ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಸುಟ್ಟು ಹೋಗುತ್ತದೆ. ಇಂಜಿನ್ ತಣ್ಣಗಿದ್ದಾಗ, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಇಟ್ಟು, ಆ ಗಾಡಿಗೆ ಕಂಪನಿ ಹೇಳಿದ ಅಳತೆಗೇ ಇಡಬೇಕು. ದಪ್ಪ ಆಯಿಲ್ ಹಾಕಿ ಶಬ್ದ ಮುಚ್ಚುವುದೂ ಬೇಡ.

ಮರುಪ್ರಶ್ನೆ (ಸಿಂಧನೂರು): ಟೆನ್ಷನರ್‌ಗೆ ಎರಡೇ ಬೋಲ್ಟ್ ಕಾಣುತ್ತಿವೆ ಅಣ್ಣ. ನಾನೇ ಬಿಚ್ಚಿ ನೋಡಲಾ?

ಉತ್ತರ: ನೋಡಬಹುದು, ಆದರೆ ಪಿಸ್ಟನ್ ಕಂಪ್ರೆಶನ್‌ನಲ್ಲಿ ಮೇಲೆ ಬಂದಿರುವಂತೆ ಟೈಮಿಂಗ್ ಗುರುತು ಕೂಡಿಸಿ ನಿಲ್ಲಿಸಿಕೊಂಡ ಮೇಲೆಯೇ. ಟೆನ್ಷನರ್ ಹೊರಗಿರುವಾಗ ಕಿಕ್ಕರ್ ಮುಟ್ಟಬೇಡ, ಸೆಲ್ಫ್ ಒತ್ತಬೇಡ, ಗೇರಿನಲ್ಲಿಟ್ಟು ಗಾಡಿ ತಳ್ಳಬೇಡ. ಚೈನ್ ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗಬಹುದು. ಆಗ ನಿಜವಾಗಿಯೂ ಇಂಜಿನ್ ಇಳಿಸಬೇಕಾಗುತ್ತದೆ.

ಹೊರತೆಗೆದ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡು. ಕೊಕ್ಕೆ ಬಿಡಿಸದೆಯೂ ಹಿಂದೆ ಹೋದರೆ ಅದರ ಕಥೆ ಮುಗಿದಿದೆ. ಕಡ್ಡಿ ಪೂರ್ತಿ ಮುಂದೆ ಬಂದು ನಿಂತಿದ್ದರೆ ಟೆನ್ಷನರ್ ತಪ್ಪಲ್ಲ, ಚೈನೇ ಉದ್ದವಾಗಿದೆ. ಆಗ ಬರೀ ಟೆನ್ಷನರ್ ಬದಲಿಸಿದರೆ ಸುಮ್ನೆ ದುಡ್ಡು ದಂಡ. ಚೈನ್, ಪಟ್ಟಿ, ಎರಡನ್ನೂ ನೋಡಲೇಬೇಕು. ಕೂಡಿಸುವಾಗ ಕಡ್ಡಿ ಒಳಗೆಳೆದು ಹೊಸ ಗ್ಯಾಸ್ಕೆಟ್ ಹಾಕು, ಆಮೇಲೆ ಬಿಡು.

ಪ್ರಶ್ನೆ (ಗಂಗಾವತಿ): ಸರ್, ನಮ್ಮದು ಬಿಎಸ್ 6 ಗಾಡಿ, ಹೊಸದು. ಅದರಲ್ಲೂ ಟಿಕ್ ಟಿಕ್ ಬರ್ತಿದೆ ಅಲ್ವಾ?

ಉತ್ತರ: ಟ್ಯಾಂಕ್ ಕೆಳಗೆ, ಇಂಜೆಕ್ಟರ್ ಹತ್ತಿರ ಕೇಳುತ್ತಿದ್ದರೆ ಹೆದರಬೇಡಿ ಸರ್. ಪೆಟ್ರೋಲ್ ಚಿಮ್ಮಿಸುವಾಗ ಇಂಜೆಕ್ಟರ್ ತೆರೆದು ಮುಚ್ಚುವ ಶಬ್ದ ಅದು. ಸೈಲೆನ್ಸರ್ ಬೆಂಡ್ ಹತ್ತಿರ ಚಸ್ ಚಸ್ ಅಂದರೆ ಗ್ಯಾಸ್ಕೆಟ್ ಲೀಕ್ ಇರಬಹುದು, ತೋರಿಸಿ. ಟಿಕ್ ಟಿಕ್ ಅಲ್ಲದೆ ಕೆಳಗಿನಿಂದ ದಪ್ಪಗೆ ಡಬ್ ಡಬ್ ಅಂದರೆ ಮಾತ್ರ ಇಂಜಿನ್ ಅಲ್ಲೇ ಆಫ್ ಮಾಡಿ, ಆಟೋದಲ್ಲಿ ಹಾಕಿಕೊಂಡು ಬನ್ನಿ.